ಅಕ್ಕಡಿ ಸಾಲು

ನಾಗಮಂಗಲದ ನಮ್ಮ ಹೊಲದಲ್ಲಿ ರಾಗಿ ಬಿತ್ತುವ ದಿನ ಕೂರಿಗೆಯ ಹಿಂದೆ ಅಜ್ಜಿ ನಡೆಯುತ್ತಿದ್ದಳು. ಮಡಿಲಲ್ಲಿ ಅವರೆ ಬೀಜ. ಕೂರಿಗೆಗೆ ಹಗ್ಗದಲ್ಲಿ ಬಿಗಿದ ಬಿದಿರಿನ ಕೊಳವೆಗೆ ಒಂದೊಂದೇ ಕಾಳು ಬಿಡುತ್ತಾ ಹೋಗುವಳು. ಒಂದಷ್ಟು ಸಾಲು ರಾಗಿ, ನಡುವೆ ಒಂದು ಸಾಲು ಅವರೆ. ಅದೇ ಅಕ್ಕಡಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ರಾಗಿ ಹೊಲದ ಅವರೆ, ತೊಗರಿ ಸಾಲುಗಳನ್ನು ಕಂಡು ಬರೆದಿಟ್ಟಿದ್ದಾನೆ.

ಯಾಕೆಂದು ಕೇಳಿದರೆ ಅಜ್ಜಿ, “ಮಳೆ ಕೈಕೊಟ್ಟು ರಾಗಿ ಹೋದ್ರೂ ಅವರೆ ಇಬ್ಬನೀಲೇ ಬದುಕ್ಕೊಳ್ತದೆ ಕಣಪ್ಪ” ಎನ್ನುತ್ತಿದ್ದಳು.

ಮುಂದೆ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಹೇಳುವಾಗ ಆ ಸಾಲಿನ ಇನ್ನೊಂದು ಲೆಕ್ಕ ತಿಳಿಯಿತು. ದೇಹ ತನ್ನ ಪ್ರೋಟೀನನ್ನು 20 ಬಗೆಯ ಅಮೈನೋ ಆಮ್ಲಗಳಿಂದ ಕಟ್ಟುತ್ತದೆ. ಹಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೆಲವು ಊಟದಿಂದಲೇ ಬರಬೇಕು. ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್, ಆಗ ಗೊತ್ತಿದ್ದ ಅಮೈನೋ ಆಮ್ಲಗಳನ್ನು ಬೆರೆಸಿ ಇಲಿಗಳಿಗೆ ಕೊಟ್ಟರು. ಇಲಿಗಳು ಸೊರಗಿದವು. ಕಾಣದಿದ್ದ ಆ ಒಂದು ಅಂಶ, ಥ್ರಿಯೊನೈನ್, 1935ರಲ್ಲಿ ಸಿಕ್ಕಿತು. ಅದನ್ನು ಸೇರಿಸಿದ ಮೇಲೆ ಇಲಿಗಳು ಬೆಳೆದವು. ಒಂದರ ಕೊರತೆ ಉಳಿದೆಲ್ಲವನ್ನೂ ನಿಲ್ಲಿಸಿಬಿಡುತ್ತದೆ.

ರಾಗಿಯಲ್ಲಿ ಲೈಸಿನ್ ಕಡಿಮೆ. ಅವರೆಯಲ್ಲಿ ಅದು ಧಾರಾಳ. ಅವರೆಯಲ್ಲಿ ಕಡಿಮೆಯಿರುವ ಮೆಥಿಯೊನೈನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆ ಮುರಿದು ಅವರೆಕಾಳು ಸಾರಿಗೆ ಅದ್ದಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಅವರೆ ಗಿಡವೂ ಹೀಗೆಯೇ ತನ್ನ ಕೊರತೆಯನ್ನು ಇನ್ನೊಂದು ಜೀವಿಯಿಂದ ತುಂಬಿಕೊಳ್ಳುತ್ತದೆ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಕಿತ್ತು ಮಣ್ಣು ಕೊಡವಿದರೆ ಬೇರಿನ ತುಂಬ ಸಣ್ಣ ಗಂಟುಗಳು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ನೆತ್ತರಿನ ಹಿಮೋಗ್ಲೋಬಿನ್ನಿಗೆ ನಂಟಿರುವ ಪ್ರೋಟೀನಿನದು ಆ ಬಣ್ಣ. ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಅದರಿಂದ ಅಮೈನೋ ಆಮ್ಲ ಕಟ್ಟುತ್ತದೆ. ಗಂಟಿನ ಈ ಕೆಲಸವನ್ನು 1886ರಲ್ಲಿ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ ತೋರಿಸಿಕೊಟ್ಟರು.

ಕಟಾವಿನ ಯಂತ್ರಕ್ಕೆ ಅಡ್ಡ ಬರುತ್ತದೆಂದು ನಮ್ಮೂರಲ್ಲಿ ಈಗ ಅಕ್ಕಡಿ ಬಿಟ್ಟಿದ್ದಾರೆ. ಕಾಳು ಅಂಗಡಿಯಿಂದ ಬರಬೇಕು. ಬೆಲೆ ಏರಿದ ದಿನ ಮುದ್ದೆಗೆ ಬರೀ ಖಾರದ ನೀರು. ಬೆಳೆಯುವ ಮಕ್ಕಳ ತಟ್ಟೆ ನೋಡಿ ನನಗೆ ಸಂಕಟವಾಗುತ್ತದೆ. ಹೋದ ಮುಂಗಾರಿಗೆ ತಮ್ಮನಿಗೆ ಹೇಳಿ ಹೊಲದಲ್ಲಿ ಆರು ಸಾಲು ಅವರೆ ಹಾಕಿಸಿದೆ. ಪುಷ್ಯದ ಚಳಿಯಲ್ಲಿ ಸೊಗಡಿನ ಕಾಯಿ ಬಿಡಿಸಿ, ಪಕ್ಕದ ಮೂರು ಮನೆಗೂ ಬಿತ್ತನೆಗೆಂದು ಒಂದೊಂದು ಸೇರು ಕಾಳು ಒಣಗಿಸಿ ಕೊಟ್ಟಿದ್ದೇನೆ.