ಮಾಹಿತಿ ಮೇಲಕ್ಕೆ ಹೋಯ್ತು, ಹಳ್ಳಿಗೆ ವಾಪಸ್ ಬಂದದ್ದೇನು?

ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೋಡ್ ಬರೆಯುತ್ತಿದ್ದೆ. ಗರ್ಭಿಣಿಯರ ನೋಂದಣಿಗೆ ನಮ್ಮ ತಂಡ ಒಂದು ಮೊಬೈಲ್ ಆ್ಯಪ್ ಮಾಡುತ್ತಿತ್ತು. ಅದರಲ್ಲಿ ಒಂದು ನಿಯಮ ಬರೆದವಳು ನಾನು: ಒಂದು ಮೊಬೈಲ್ ನಂಬರ್‌ಗೆ ಒಬ್ಬರೇ ಗರ್ಭಿಣಿ. ಅದೇ ನಂಬರ್ ಎರಡನೇ ಸಲ ಹಾಕಿದರೆ ‘ಈಗಾಗಲೇ ನೋಂದಣಿಯಾಗಿದೆ’ ಅಂತ ಕೆಂಪಕ್ಷರ ಬಂದು ಫಾರ್ಮ್ ಅಲ್ಲೇ ನಿಲ್ಲುತ್ತದೆ. ಒಬ್ಬರ ಹೆಸರು ಎರಡು ಸಲ ಸೇರಬಾರದು ಅನ್ನೋದು ನಮ್ಮ ಲೆಕ್ಕ. ಟೆಸ್ಟಿಂಗ್‌ನಲ್ಲಿ ಪಾಸೂ ಆಯ್ತು.

ಕೆಲವು ತಿಂಗಳ ನಂತರ ಕಲ್ಯಾಣ ಕರ್ನಾಟಕದ ಒಂದು ಹಳ್ಳಿಗೆ ಹೋಗಿದ್ದೆ. ಆಶಾ ಕಾರ್ಯಕರ್ತೆಯೊಬ್ಬರು ಆ ಆ್ಯಪ್ ಬಳಸುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಒಂದೇ ಮನೆಯ ಇಬ್ಬರು ಸೊಸೆಯಂದಿರು ಬಸುರಿಯರು. ಹಿರಿಸೊಸೆಯ ಹೆಸರು ಸೇರಿತು. ಕಿರಿಸೊಸೆಯ ಹೆಸರಿಗೆ ಕೆಂಪಕ್ಷರ. ಆ ಅಕ್ಕ ಒಂದು ಕ್ಷಣವೂ ತಡಮಾಡದೆ ಫೋನ್ ನಂಬರಿನ ಕೊನೆಯ ಅಂಕಿ ಬದಲಿಸಿದರು. ಫಾರ್ಮ್ ಮುಂದಕ್ಕೆ ಹೋಯಿತು.

“ಯಾಕಕ್ಕಾ ಹೀಗೆ ಮಾಡಿದ್ರಿ?” ಅಂತ ಕೇಳಿದೆ.

“ಮತ್ತೇನ್ ಮಾಡ್ಲಿ ಮೇಡಂ? ಇಡೀ ಮನಿಗೆ ಕೂಡಿ ಒಂದಾ ಫೋನ್ ಐತ್ರಿ. ಅದೂ ಗಂಡಸ್ರ ಕಿಸೇದಾಗ ಇರ್ತೈತಿ. ಇದು ಮುಂದ ಹೋಗಂಗಿಲ್ಲ, ನಾನು ಬರಿಯೂದು ಬಿಡಂಗಿಲ್ಲ.”

ಆ ಹುಡುಗಿಗೆ ಬರಬೇಕಿದ್ದ ತಪಾಸಣೆಯ ಮೆಸೇಜು ಯಾರೋ ಗುರುತಿಲ್ಲದವರ ಫೋನಿಗೆ ಹೋಗಿರುತ್ತದೆ. ನಮ್ಮ ಕಚೇರಿಯ ಪರದೆಯ ಮೇಲೆ ಮಾತ್ರ ಆ ಊರು ಹಸಿರು ಬಣ್ಣದಲ್ಲಿತ್ತು: ನೂರಕ್ಕೆ ನೂರು ನೋಂದಣಿ. ಆ ನಿಯಮ ಬರೆದವಳು ನಾನೇ ಅಂತ ಹೇಳುವ ಧೈರ್ಯ ಅವತ್ತು ಬರಲಿಲ್ಲ.

ಅಂದಿನಿಂದ ಗ್ರಾಮೀಣ ಆರೋಗ್ಯದ ಯಾವುದೇ ‘ಡಿಜಿಟಲ್ ಕ್ರಾಂತಿ’ಯ ಸುದ್ದಿ ಬಂದರೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಹಳ್ಳಿಯಿಂದ ಮಾಹಿತಿ ಮೇಲಕ್ಕೆ ಹೋಗುತ್ತದೆ, ಸರಿ. ಅದಕ್ಕೆ ಬದಲಾಗಿ ಹಳ್ಳಿಗೆ ಏನು ಬರುತ್ತದೆ? ಸಲಹೆಯೇ, ಔಷಧಿಯೇ, ಆಂಬುಲೆನ್ಸೇ? ಈ ಅಳತೆಗೋಲು ಹಿಡಿದು ನಮ್ಮ ಸುತ್ತ ಇರುವ ವ್ಯವಸ್ಥೆಗಳನ್ನು ನೋಡೋಣ.

ಇಸ್ರೋದಿಂದ ಇ-ಸಂಜೀವಿನಿವರೆಗೆ

ದೂರದ ವೈದ್ಯರನ್ನು ತಂತಿಯ ಮೂಲಕ ಹಳ್ಳಿಗೆ ತರುವ ಆಲೋಚನೆ ಕೋವಿಡ್ ಕಾಲದ್ದಲ್ಲ. 2000ರ ದಶಕದ ಆರಂಭದಲ್ಲೇ ಇಸ್ರೋ ತನ್ನ ಉಪಗ್ರಹಗಳನ್ನು ಇದಕ್ಕೆ ಬಳಸಿತು. ಆಗ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಆದರೆ ಆ ಕಾಲದಲ್ಲಿ ಅದಕ್ಕೆ ಛಾವಣಿ ಮೇಲೊಂದು ಡಿಶ್, ಒಳಗೊಂದು ಪ್ರತ್ಯೇಕ ಕೋಣೆ, ನಡೆಸಲು ತಂತ್ರಜ್ಞರು ಬೇಕಿತ್ತು. ಪಿಎಚ್‌ಸಿ ಮಟ್ಟಕ್ಕೆ ಇಳಿಯುವ ಮಾತಂತೂ ದೂರವೇ ಇತ್ತು.

ಆ ಕೆಲಸವನ್ನು ಅಗ್ಗದ ಮೊಬೈಲ್ ಇಂಟರ್ನೆಟ್ ಮಾಡಿತು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅಲ್ಲಿಯವರೆಗೆ ಫೋನಿನಲ್ಲಿ ಔಷಧಿ ಬರೆದುಕೊಡುವುದು ಕಾನೂನಿನ ಪ್ರಕಾರ ಸರಿಯೋ ತಪ್ಪೋ ಅನ್ನುವ ಗೊಂದಲ ವೈದ್ಯರಲ್ಲೇ ಇತ್ತು. ಮಾರ್ಗಸೂಚಿ ಅದಕ್ಕೆ ಗೆರೆ ಎಳೆಯಿತು: ಮೊದಲ ಸಲ ನೋಡುವ ರೋಗಿಗೆ ಬರೀ ಫೋನ್ ಮಾತಿನ ಮೇಲೆ ಎಲ್ಲಾ ಔಷಧಿ ಬರೆಯುವಂತಿಲ್ಲ, ಮಾದಕ ಅಂಶದ ಔಷಧಿಗಳನ್ನಂತೂ ಟೆಲಿಮೆಡಿಸಿನ್‌ನಲ್ಲಿ ಬರೆಯುವಂತೆಯೇ ಇಲ್ಲ.

ಸರ್ಕಾರದ ಇ-ಸಂಜೀವಿನಿ 2019ರ ನವೆಂಬರ್‌ನಲ್ಲೇ ಶುರುವಾಗಿತ್ತು. ಮೊಹಾಲಿಯ ಸಿ-ಡ್ಯಾಕ್ ಇದನ್ನು ರೂಪಿಸಿದ್ದು. ಇದರಲ್ಲಿ ಎರಡು ದಾರಿಗಳಿವೆ. ಒಂದು, ರೋಗಿಯೇ ಮನೆಯಿಂದ ವೈದ್ಯರನ್ನು ವಿಡಿಯೊದಲ್ಲಿ ಕಾಣುವುದು. ಇನ್ನೊಂದು, ಉಪಕೇಂದ್ರ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೂತಿರುವ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ರೋಗಿಯನ್ನು ಎದುರಿಗೆ ಕೂರಿಸಿಕೊಂಡು ದೂರದ ವೈದ್ಯರನ್ನು ಸಂಪರ್ಕಿಸುವುದು. 2023ರ ಫೆಬ್ರುವರಿ ಹೊತ್ತಿಗೆ ಇ-ಸಂಜೀವಿನಿಯ ಸಮಾಲೋಚನೆಗಳು 10 ಕೋಟಿ ದಾಟಿದ್ದವು.

ಹಳ್ಳಿಯ ಮಟ್ಟಿಗೆ ಎರಡನೆಯ ದಾರಿಯೇ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ಅರ್ಧಕ್ಕಿಂತ ಕಡಿಮೆ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಆಮೇಲೆ ಫೋನಿನ ಬಳಕೆ ಹೆಚ್ಚಿದೆ, ನಿಜ. ಆದರೂ ‘ಆ್ಯಪ್ ಡೌನ್‌ಲೋಡ್ ಮಾಡ್ಕೊಳ್ಳಿ’ ಎಂಬ ಸಲಹೆ ಮನೆಯ ಗಂಡಸಿಗೆ ತಲುಪುವಷ್ಟು ಸುಲಭವಾಗಿ ಹೆಂಗಸಿಗೆ ತಲುಪುವುದಿಲ್ಲ. ಸಿಎಚ್‌ಒ ಇದ್ದರೆ ಬಿಪಿ ನೋಡುತ್ತಾರೆ, ಊತ ಮುಟ್ಟಿ ನೋಡುತ್ತಾರೆ, ರೋಗಿ ಹೇಳಲು ನಾಚುವುದನ್ನು ವೈದ್ಯರಿಗೆ ಹೇಳುತ್ತಾರೆ. ಪರದೆಯಲ್ಲಿರುವ ವೈದ್ಯರಿಗೆ ಅವರೇ ಕೈ ಮತ್ತು ಕಿವಿ.

ಇನ್ನು ಕೆಳಕ್ಕೆ ಬರುವುದೇನು? ಸಲಹೆ ಮತ್ತು ಚೀಟಿ. ಚೀಟಿಯಲ್ಲಿರುವ ಮಾತ್ರೆ ಅದೇ ಕೇಂದ್ರದ ಕಪಾಟಿನಲ್ಲಿದ್ದರೆ ವ್ಯವಸ್ಥೆ ಗೆದ್ದಿತು. ಇಲ್ಲದಿದ್ದರೆ ರೋಗಿ ಅದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತಲೇಬೇಕು. ಬಸ್ ಚಾರ್ಜೂ ಹೋಯ್ತು, ಒಂದು ದಿನದ ಕೂಲಿಯೂ ಹೋಯ್ತು.

ಎದೆನೋವಿಗೆ ಸಿಕ್ಕ ಉತ್ತರ

ನನ್ನ ಪ್ರಶ್ನೆಗೆ ಚೆನ್ನಾದ ಉತ್ತರ ಸಿಕ್ಕಿದ್ದು ಹೃದಯಾಘಾತದ ವಿಷಯದಲ್ಲಿ.

ಹೃದಯಕ್ಕೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿಕೊಂಡಾಗ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಮೊದಲ ಗಂಟೆಯಲ್ಲಿ ಕೊಟ್ಟರೆ ಹೆಚ್ಚು ಲಾಭ, ತಡವಾದಷ್ಟೂ ಲಾಭ ಕಡಿಮೆ. ಹಳ್ಳಿಯವರಿಗೆ ಈ ಸಮಯ ಹೋಗುವುದು ಎಲ್ಲಿ? ಮೊದಲು ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ ಕುಡಿಯುವುದರಲ್ಲಿ. ಆಮೇಲೆ ಇಸಿಜಿ ತೆಗೆದು ಓದಬಲ್ಲವರನ್ನು ಹುಡುಕುವುದರಲ್ಲಿ. ಕೊನೆಗೆ ಜಿಲ್ಲಾ ಕೇಂದ್ರದ ದಾರಿಯಲ್ಲಿ.

2023ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಈ ಎರಡನೇ ಮತ್ತು ಮೂರನೇ ತಡೆಯನ್ನು ಗುರಿಯಾಗಿಟ್ಟುಕೊಂಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅದು ಇಂಟರ್ನೆಟ್ ಮೂಲಕ ಹೋಗುತ್ತದೆ; ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಮತ್ತು ತಜ್ಞರು ಓದಿ ಕೆಲವೇ ನಿಮಿಷಗಳಲ್ಲಿ ಉತ್ತರ ಕಳಿಸುತ್ತಾರೆ. ಹೃದಯಾಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ನನ್ನು ಅಲ್ಲೇ, ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ. ನಂತರ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಬರುವುದು ‘ಎಐ’. ನನಗೆ ಮುಖ್ಯವಾಗಿ ಕಾಣುವುದು ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜು, ಕಪಾಟು, ಅದರೊಳಗಿನ ಆ ಇಂಜೆಕ್ಷನ್. ಅದು ಖಾಲಿಯಾಗಿದ್ದರೆ ಎಷ್ಟು ಬುದ್ಧಿವಂತ ಸಾಫ್ಟ್‌ವೇರ್ ಇದ್ದರೂ ಅದು ಮಾಡುವುದು ‘ನಿಮಗೆ ಹಾರ್ಟ್ ಅಟ್ಯಾಕ್ ಆಗಿದೆ’ ಅಂತ ಬೇಗ ಹೇಳುವ ಕೆಲಸವಷ್ಟೇ.

ಇದಕ್ಕೂ ಮೊದಲೇ, ಬರೀ ವಾಟ್ಸ್ಆ್ಯಪ್ ನಂಬಿ ಇದೇ ಕೆಲಸಕ್ಕೆ ಇಳಿದವರಿದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರ ಕೊಡಿಸುತ್ತಾ, ಅಲ್ಲಿನ ವೈದ್ಯರನ್ನು ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ವಾಟ್ಸ್ಆ್ಯಪ್ ಗುಂಪುಗಳಿಗೆ ಸೇರಿಸಿದರು. ಇಸಿಜಿಯ ಫೋಟೊ ಹಾಕಿದರೆ ತಜ್ಞರು ಉತ್ತರಿಸುತ್ತಾರೆ. ಹೊಸ ಆ್ಯಪ್ ಇಲ್ಲ, ತರಬೇತಿ ಶಿಬಿರ ಇಲ್ಲ. ವೈದ್ಯರ ಕೈಯಲ್ಲಿ ಆಗಲೇ ಇದ್ದದ್ದನ್ನೇ ಬಳಸಿದರು. ಇಂಜಿನಿಯರ್ ಆಗಿ ನನಗೆ ರೋಗಿಯ ದಾಖಲೆಯನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವುದರ ಬಗ್ಗೆ ತಕರಾರಿದೆ. ಆದರೆ ಕೆಳಕ್ಕೆ ಉತ್ತರ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಜನ ಅದನ್ನು ಬಳಸುತ್ತಾರೆ ಎಂಬುದನ್ನೂ ಒಪ್ಪಬೇಕು.

ದುಡಿಮೆ ಆಶಾಳದ್ದು, ಲೆಕ್ಕ ಪೋರ್ಟಲ್‌ನದ್ದು

ಈಗ ಉಲ್ಟಾ ಉದಾಹರಣೆ. ಗರ್ಭಿಣಿ ಮತ್ತು ಮಕ್ಕಳ ವಿವರ ಸೇರುವುದು ಆರ್‌ಸಿಎಚ್ ಪೋರ್ಟಲ್‌ಗೆ. ತಾಯಿ ಕಾರ್ಡ್‌ನಲ್ಲಿರುವ 12 ಅಂಕಿಯ ಸಂಖ್ಯೆ ಇದರದ್ದೇ. ಉದ್ದೇಶ ಒಳ್ಳೆಯದು: ಯಾವ ತಾಯಿಯ ತಪಾಸಣೆ, ಯಾವ ಮಗುವಿನ ಲಸಿಕೆ ತಪ್ಪಿತು ಅಂತ ಗೊತ್ತಾಗಬೇಕು.

ಆದರೆ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿಗೆ ಈ ಪೋರ್ಟಲ್ ಕೂಲಿಯ ಲೆಕ್ಕಿಗನೂ ಆಗಿಬಿಟ್ಟಿದೆ. ಕೇಂದ್ರದ ಪ್ರೋತ್ಸಾಹಧನ ಸಿಗುವುದು ಮಾಡಿದ ಒಂದೊಂದು ಕೆಲಸಕ್ಕೆ. ಮೈಲಿಗಟ್ಟಲೆ ನಡೆದು ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ಕೂರದಿದ್ದರೆ ದುಡ್ಡು ಬರುವುದಿಲ್ಲ ಎಂಬುದು ಅವರ ವರ್ಷಗಳ ದೂರು. 2025ರ ಜನವರಿ 7ರಿಂದ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಅಹೋರಾತ್ರಿ ಧರಣಿ ಕೂತಾಗ, ತಿಂಗಳಿಗೆ 15,000 ರೂಪಾಯಿ ಗೌರವಧನದ ಜೊತೆಗೆ ಪೋರ್ಟಲ್ ಜೋಡಣೆ ಬಿಡಿಸಿ ಎಂಬ ಬೇಡಿಕೆಯೂ ಇತ್ತು. ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ನಾಲ್ಕನೇ ದಿನ ಧರಣಿ ಮುಗಿಯಿತು.

ಸಾಫ್ಟ್‌ವೇರ್ ಅಂದರೆ ಕೆಲಸ ಹಗುರ ಮಾಡುವುದು ಅಂತ ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ನಾನು ಹಳ್ಳಿಗಳಲ್ಲಿ ಕಂಡದ್ದು ಬೇರೆ. ಮೊದಲು ನೋಟ್‌ಬುಕ್‌ನಲ್ಲಿ ಬರೆ, ಆಮೇಲೆ ರಿಜಿಸ್ಟರ್‌ನಲ್ಲಿ ಬರೆ, ರಾತ್ರಿ ನೆಟ್‌ವರ್ಕ್ ಸಿಗುವ ಜಾಗದಲ್ಲಿ ನಿಂತು ಮತ್ತೆ ಫೋನಿನಲ್ಲಿ ತುಂಬು. ಕಾಗದ ಹೋಗಲಿಲ್ಲ, ಅದರ ಮೇಲೆ ಫೋನ್ ಬಂದು ಕೂತಿತು.

ಮತ್ತೆ ದುಡ್ಡನ್ನು ಡೇಟಾಕ್ಕೆ ಕಟ್ಟಿಹಾಕಿದರೆ ಡೇಟಾ ಕೂಡ ಕೆಡುತ್ತದೆ. ತುಂಬದಿದ್ದರೆ ನಷ್ಟ, ಸುಳ್ಳು ತುಂಬಿದರೆ ಕೇಳುವವರಿಲ್ಲ ಎಂದಾದರೆ ಯಾರಾದರೂ ಕೊನೆಯ ಅಂಕಿ ಬದಲಿಸುತ್ತಾರೆ. ತಪ್ಪು ಆ ಅಕ್ಕನದ್ದಲ್ಲ. ಒಂದು ಮನೆಯಲ್ಲಿ ಒಂದೇ ಫೋನ್ ಇರಬಹುದು ಅಂತ ಯೋಚಿಸದ ನನ್ನದು.

ಆಭಾ: ಕಾರ್ಡ್ ಯಾವುದಕ್ಕೆ?

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಇದರ ಭಾಗವೇ 14 ಅಂಕಿಯ ಆಭಾ ಸಂಖ್ಯೆ. ಇದನ್ನು ಐದು ಲಕ್ಷದ ವಿಮೆಯ ಆಯುಷ್ಮಾನ್ ಕಾರ್ಡ್ ಅಂದುಕೊಂಡವರು ಬಹಳ ಮಂದಿ. ಎರಡೂ ಬೇರೆ. ಆಭಾದಿಂದ ಒಂದು ರೂಪಾಯಿ ಚಿಕಿತ್ಸೆಯೂ ಸಿಗುವುದಿಲ್ಲ; ಬೇರೆ ಬೇರೆ ಆಸ್ಪತ್ರೆಗಳಲ್ಲಿರುವ ನಿಮ್ಮ ದಾಖಲೆಗಳನ್ನು ನಿಮ್ಮ ಒಪ್ಪಿಗೆಯ ಮೇಲೆ ಜೋಡಿಸುವ ಸಂಖ್ಯೆ ಅದು. ನಿಯಮದ ಪ್ರಕಾರ ಕಡ್ಡಾಯವೂ ಅಲ್ಲ.

ಗುಳೆ ಹೋಗುವ ಕುಟುಂಬಕ್ಕೆ ಇದು ನಿಜಕ್ಕೂ ಉಪಯೋಗ. ಯಾದಗಿರಿಯಲ್ಲಿ ಮೂರು ತಪಾಸಣೆ ಮಾಡಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಬಸುರಿಯ ರಕ್ತಹೀನತೆಯ ಚರಿತ್ರೆ ಇಲ್ಲಿನ ವೈದ್ಯರಿಗೆ ಕಾಣಬೇಕು. ಆದರೆ ‘ಒಪ್ಪಿಗೆ’ ಅನ್ನುವುದು ಒಟಿಪಿ. ಒಟಿಪಿ ಬರುವುದು ಗಂಡನ ಫೋನಿಗೆ. ಗರ್ಭಪಾತ, ಎಚ್‌ಐವಿ, ಕ್ಷಯದ ವಿವರ ಯಾರ ಕಣ್ಣಿಗೆ ಬೀಳಬಾರದೋ ಅವರ ಕಿಸೆಯಲ್ಲೇ ಅದರ ಕೀಲಿಕೈ ಇರುತ್ತದೆ. ದೊಡ್ಡ ಆಸ್ಪತ್ರೆಗಳೇನೂ ಸುರಕ್ಷಿತವಲ್ಲ: 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಹಲವು ದಿನ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು.

ಕೇಳಬೇಕಾದ ಐದು ಪ್ರಶ್ನೆಗಳು

ನಿಮ್ಮೂರಿಗೆ ಹೊಸ ಆರೋಗ್ಯ ಆ್ಯಪ್ ಬಂದರೆ, ಗ್ರಾಮಸಭೆಯಲ್ಲಿ ಇಷ್ಟನ್ನು ಕೇಳಿ:

1. ಇದರಲ್ಲಿ ಕೊಟ್ಟ ಮಾಹಿತಿಗೆ ಉತ್ತರವಾಗಿ ನಮಗೇನು ಸಿಗುತ್ತದೆ, ಎಷ್ಟು ಹೊತ್ತಿನಲ್ಲಿ?
2. ಇದು ಬಂದ ಮೇಲೆ ಆಶಾ, ಸಿಎಚ್‌ಒಗಳ ಯಾವ ರಿಜಿಸ್ಟರ್ ನಿಲ್ಲುತ್ತದೆ?
3. ನೆಟ್‌ವರ್ಕ್ ಇಲ್ಲದಿದ್ದರೆ, ಕರೆಂಟ್ ಇಲ್ಲದಿದ್ದರೆ ಕೆಲಸ ನಡೆಯುತ್ತದಾ?
4. ಮನೆಗೆ ಒಂದೇ ಫೋನ್ ಇದ್ದರೆ ಹೆಂಗಸರ ಗುಟ್ಟು ಗುಟ್ಟಾಗಿ ಉಳಿಯುತ್ತದಾ?
5. ಫೋನ್ ಇಲ್ಲದವರಿಗೆ, ಕಾರ್ಡ್ ಬೇಡ ಅಂದವರಿಗೆ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಬರೆದು ಕೊಡುತ್ತೀರಾ?

ಆ ಹಳ್ಳಿಯಿಂದ ವಾಪಸ್ ಬಂದ ಮಾರನೇ ದಿನ, ನಂಬರ್ ನಿಯಮ ತೆಗೆಯಬೇಕು ಅಂತ ಕಂಪನಿಯಲ್ಲಿ ಟಿಕೆಟ್ ಹಾಕಿದೆ. ‘ತುರ್ತಿಲ್ಲ’ ಅಂತ ಗುರುತು ಹಾಕಿ ಪಕ್ಕಕ್ಕಿಟ್ಟರು. ನಾನು ಕೆಲಸ ಬಿಡುವ ದಿನವೂ ಅದು ಹಾಗೇ ಇತ್ತು. ಅಷ್ಟರೊಳಗೆ ಆ ಮನೆಯ ಕಿರಿಸೊಸೆಗೆ ಹೆರಿಗೆ ಆಗಿರಬೇಕು. ಅವಳ ಹೆಸರಿನ ಮುಂದಿದ್ದ ನಂಬರ್‌ಗೆ ಫೋನ್ ಮಾಡಿ ಹೇಗಿದ್ದೀಯಮ್ಮಾ ಅಂತ ಕೇಳೋಣ ಅಂದರೆ, ಆ ನಂಬರ್ ಅವಳದ್ದಾಗಿರಲಿಲ್ಲ.