ಸದನದ ಹುಡುಗಾಟ, ಹೊಳೆದಂಡೆಯ ಲೆಕ್ಕ

ವಿಧಾನಸಭೆಯಲ್ಲಿ ಕಾಗದ ಹರಿದು ತೂರಿದ ಸುದ್ದಿ ಬಂದಾಗಲೆಲ್ಲ ದಿಗ್ಗೇವಾಡಿಯಂಥ ನಮ್ಮ ಕೃಷ್ಣಾ ದಂಡೆಯ ಹಳ್ಳಿಗಳ ಕಟ್ಟೆಯ ಮೇಲೆ ಒಂದೇ ಮಾತು: "ಏನ್ ಸಣ್ ಹುಡುಗೂರಂಗ ಆಡ್ತಾರ ನೋಡ್ರಿ ಇವರು!" ಹೀಗೆ ಅಂದು, ನಕ್ಕು, ಎದ್ದು ಹೋಗುತ್ತೇವೆ. ಗೆಳೆಯರೆ, ಈ ನಗು ನಮಗೆ ತುಟ್ಟಿಯಾಗಿದೆ. ಮೊದಲನೆಯದಾಗಿ, ಇದು ಮಕ್ಕಳಿಗೆ ಮಾಡುವ ಅವಮಾನ. ನಮ್ಮ ಕನ್ನಡ ಶಾಲೆಯ ಮೂರನೇ ಇಯತ್ತೆಯ ಹುಡುಗಿ ಕೂಡ ಕೈ ಎತ್ತಿ, ಎದ್ದು ನಿಂತು ಪ್ರಶ್ನೆ ಕೇಳುತ್ತಾಳೆ. ಎರಡನೆಯದಾಗಿ, ಮಕ್ಕಳ ಜಗಳದಿಂದ ಯಾರ ಬದುಕೂ ಮುಳುಗೋದಿಲ್ಲ. ಇವರ ಆಟದ ಲೆಕ್ಕ ಬೇರೆ. ಆ ಲೆಕ್ಕಕ್ಕೆ ಚರಿತ್ರೆಯನ್ನೇ ತೆಗೆದು ನೋಡೋಣ.

ಸದನದ ಕುರ್ಚಿ ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬ ಅಂಬೇಡ್ಕರರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಮಹಾರ ವತನದ ತಿದ್ದುಪಡಿ ಮಸೂದೆ ಮಂಡಿಸಿದರು. ಒಂದು ತುಂಡು ನೆಲ, ಊರವರು ಕೊಡುವ ನಾಕು ಹಿಡಿ ಕಾಳು ತೋರಿಸಿ ಇಡೀ ಮನೆತನವನ್ನೇ ಹಗಲು ರಾತ್ರಿ ಚಾಕರಿಗೆ ಕಟ್ಟಿಹಾಕುವ ಪದ್ಧತಿ ಅದು. ಮಸೂದೆ ಪಾಸಾಗಲಿಲ್ಲ. ಅವರು ಕಾಗದ ಹರಿಯಲಿಲ್ಲ, ಮತ್ತೆ ಮತ್ತೆ ಬರೆದರು.

1937ರ ಚುನಾವಣೆಯಲ್ಲಿ ಅಂಬೇಡ್ಕರರ ಸ್ವತಂತ್ರ ಮಜೂರ ಪಕ್ಷದಿಂದ ಬೆಳಗಾವಿ ಉತ್ತರ ಕ್ಷೇತ್ರದಲ್ಲಿ ಗೆದ್ದವರು ಬಳವಂತರಾವ್ ವರಾಳೆ. ಧಾರವಾಡದಲ್ಲಿ ದಲಿತ ಮಕ್ಕಳ ವಿದ್ಯಾರ್ಥಿ ನಿಲಯ ನೋಡಿಕೊಂಡಿದ್ದ ಮನುಷ್ಯ ಮುಂಬೈ ವಿಧಾನಸಭೆಯಲ್ಲಿ ಕೂತರು. ಆ ವರ್ಷ ಆಗಸ್ಟ್‌ನಲ್ಲಿ ಮಂತ್ರಿಗಳ ಸಂಬಳದ ಮಸೂದೆ ಚರ್ಚೆಗೆ ಬಂತು, ತಿಂಗಳಿಗೆ 500 ರೂಪಾಯಿ. ಅಂಬೇಡ್ಕರರು ಎದ್ದು ನಿಂತು, ಸಂಬಳವನ್ನು ಯಾವ ತತ್ವದ ಮೇಲೆ ಗೊತ್ತು ಮಾಡಬೇಕು, ಯೋಗ್ಯತೆ ಏನು, ಆಡಳಿತದ ಶುದ್ಧಿ ಏನು ಎಂದು ಸದನದ ಮುಂದೆ ವಾದ ಹೂಡಿದರು. ಸಪ್ಟೆಂಬರ್‌ನಲ್ಲಿ ಕೊಂಕಣದ ಖೋತಿ ಜಮೀನ್ದಾರಿಕೆ ರದ್ದು ಮಾಡುವ ಮಸೂದೆಯನ್ನು ತಾವೇ ತಂದರು. ಬಹುಮತ ಅವರ ಕಡೆ ಇರಲಿಲ್ಲ. ಇದ್ದದ್ದು ಅಂಕಿಸಂಖ್ಯೆ, ಕಾನೂನು, ಮಾತು.

ಇನ್ನು ನಮ್ಮ ಕಾಲಕ್ಕೆ ಬರೋಣ. 2012ರ ಫೆಬ್ರವರಿ 7. ಸದನ ನಡೆದಿರುವಾಗಲೇ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದರೆಂಬ ಆರೋಪ ಟಿವಿ ಕ್ಯಾಮೆರಾದ ಚಿತ್ರದೊಂದಿಗೆ ಮನೆಮನೆಗೆ ಬಂತು. ಮರುದಿನ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರು ಅಥಣಿಯ ಶಾಸಕ ಲಕ್ಷ್ಮಣ ಸವದಿ. ತಪ್ಪು ಮಾಡಿಲ್ಲವೆಂದು ಅವರು ಹೇಳಿದರು. 2019ರ ಆಗಸ್ಟ್‌ನಲ್ಲಿ ಉಪಮುಖ್ಯಮಂತ್ರಿಯೂ ಆದರು.

ಆ 2019 ನಮ್ಮ ದಂಡೆಯವರು ಮರೆಯುವ ವರ್ಷವಲ್ಲ. ಜುಲೈನಲ್ಲಿ ಆಡಳಿತ ಪಕ್ಷಗಳ ಶಾಸಕರು ಮುಂಬೈ ಸೇರಿದರು. ಜುಲೈ 23ಕ್ಕೆ ಸರಕಾರ ಬಿತ್ತು. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಅಥಣಿಯ ಮಹೇಶ ಕುಮಠಳ್ಳಿ, ಕಾಗವಾಡದ ಶ್ರೀಮಂತ ಪಾಟೀಲ ಅವರಲ್ಲಿ ಸೇರಿದ್ದರು. ಆಗಸ್ಟ್ ಮೊದಲ ವಾರ ಕೃಷ್ಣೆ ಉಕ್ಕಿ ಬಂದಳು. ಮನೆ, ಕಬ್ಬು, ದನಕರು ನೀರಿನಲ್ಲಿ. ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಒಬ್ಬರೇ, ಆಗಸ್ಟ್ 20ರವರೆಗೆ ಮಂತ್ರಿಮಂಡಲವೇ ಇಲ್ಲ. ಹೊಳೆಯಾಚೆಯ ಅಥಣಿ, ಕಾಗವಾಡಗಳಿಗೆ ಶಾಸಕರೇ ಇಲ್ಲ. ಅಕ್ಟೋಬರ್ 10ರಿಂದ ಅಧಿವೇಶನ ನಡೆಯಿತು, ಬೆಂಗಳೂರಿನಲ್ಲಿ, ಬರೀ ಮೂರು ದಿನ. ಖಾಸಗಿ ಟಿವಿ ಕ್ಯಾಮೆರಾ ಒಳಗೆ ಬರಕೂಡದೆಂದು ಹೊಸ ಸಭಾಧ್ಯಕ್ಷರ ಅಪ್ಪಣೆ. ನೆರೆಯ ಚರ್ಚೆಯ ಹೊತ್ತಿಗೆ ಆ ಎರಡು ಕುರ್ಚಿ ಖಾಲಿ. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅದೇ ಇಬ್ಬರೂ ಬೇರೆ ಪಕ್ಷದ ಚಿಹ್ನೆಯಲ್ಲಿ ನಿಂತರು. ಗೆಲ್ಲಿಸಿದವರು ನಾವೇ, ನೆರೆ ಕಂಡ ಜನವೇ. ಉತ್ತರ ಕರ್ನಾಟಕದ ಗೋಳು ಕೇಳಲೆಂದು 2012ರಲ್ಲಿ ಬೆಳಗಾವಿಯಲ್ಲಿ ಎದ್ದ ಸುವರ್ಣ ವಿಧಾನಸೌಧದಲ್ಲಿ 2018ರ ಡಿಸೆಂಬರ್ ಆದಮೇಲೆ ಅಧಿವೇಶನ ಕೂತದ್ದು 2021ರ ಡಿಸೆಂಬರ್‌ನಲ್ಲಿ.

ಕೊನೆಯದಾಗಿ 2025ರ ಮಾರ್ಚ್ 21. ವಿರೋಧ ಪಕ್ಷದವರು ಕಾಗದ ಹರಿದು ಸಭಾಧ್ಯಕ್ಷರ ಪೀಠದ ಕಡೆ ತೂರಿದರು. 18 ಶಾಸಕರು ಆರು ತಿಂಗಳು ಅಮಾನತ್ತಾದರು, ಮಾರ್ಷಲ್‌ಗಳು ಹೊತ್ತು ಹೊರಗೆ ಹಾಕಿದರು. ಮೇ ತಿಂಗಳಲ್ಲಿ ಅಮಾನತ್ತೂ ವಾಪಸಾಯಿತು. ನಾವೆಲ್ಲ ನೋಡಿದ್ದು ಆ ಕಾಗದದ ಚೂರುಗಳನ್ನು. ಅದೇ ದಿನ ಅದೇ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾದದ್ದು ಅವರದೇ ಸಂಬಳದ ಮಸೂದೆ. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. 1937ರಲ್ಲಿ 500 ರೂಪಾಯಿಗೆ ತತ್ವದ ಚರ್ಚೆಯಾಗಿತ್ತು. ಇಲ್ಲಿ ಗದ್ದಲವೇ ಮರೆಯಾಯಿತು. ಇದನ್ನು ಹುಡುಗಾಟ ಅನ್ನೋಣವೇ? ಯಾವ ಹುಡುಗನಿಗೂ ಇಷ್ಟು ಲೆಕ್ಕ ಬರೋದಿಲ್ಲ.

ಗದ್ದಲವೇ ಪಾಪವೆಂದು ನಾವು ಹೇಳುತ್ತಿಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ರಸ್ತೆಯ ಮೇಲೆ ಕೂತು ಕೂಗಿದರು, ಪೊಲೀಸರ ಗುಂಡಿಗೆ ಜೀವ ಕೊಟ್ಟರು. ಅದು ಹೊಟ್ಟೆಯ ಕೂಗು. ಮುಳುಗಿದವರ ಸಲುವಾಗಿ ಸದನದಲ್ಲಿ ಒಬ್ಬ ಮೇಜು ಗುದ್ದಿದರೆ ನಾವೂ ಅವನ ಜತೆ ಗುದ್ದುತ್ತೇವೆ. ನಮ್ಮ ಸಿಟ್ಟು ನಮ್ಮ ಪ್ರಶ್ನೆಯನ್ನು ನುಂಗುವ ಗದ್ದಲದ ಮೇಲೆ.

ಅದಕ್ಕೆ ನಗುವುದನ್ನು ಬಿಡೋಣ. ಅಧಿವೇಶನ ಮುಗಿದ ಮೇಲೆ ಶಿಕ್ಷಕರು, ವಿದ್ಯಾರ್ಥಿಗಳು ಸದನದ ನಡಾವಳಿ ತರಿಸಿ ಓದಿರಿ. ನಮ್ಮ ತಾಲ್ಲೂಕಿನ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಎಷ್ಟು ಕೇಳಿದರು, ಯಾವುದರ ಮೇಲೆ ಕೇಳಿದರು, ಎಷ್ಟು ದಿನ ಬಂದರು ಎಂದು ಒಂದು ಹಾಳೆಯ ಮೇಲೆ ಬರೆದು ಪಂಚಾಯತಿ ಗೋಡೆಗೆ, ಕೇರಿಯ ಅಂಬೇಡ್ಕರ್ ಭವನದ ಬಾಗಿಲಿಗೆ ಹಚ್ಚಿರಿ. ಓಟು ಕೇಳಲು ಬಂದಾಗ ಅದೇ ಹಾಳೆಯ ಮುಂದೆ ನಿಲ್ಲಿಸಿ ಕೇಳೋಣ: "ಹೊಳಿ ಬಂದ ದಿನ ನಿಮ್ಮ ಕುರ್ಚಿ ಯಾಕ ಖಾಲಿ ಇತ್ರಿ, ಸಾಹೇಬ್ರ?"