‘ಇಲ್ಲ’ ಎಂದು ಬರೆದ ವರದಿ: ಪ್ರಾಸ್ಟೇಟಿನ ತಳಕೋಶಗಳ ಒಂದು ಚಿಕ್ಕ ಚರಿತ್ರೆ

ಗಡಿನಾಡಿನ ಕನ್ನಡದ ಬಗ್ಗೆ ಮಾತಾಡಬೇಕಾದ ಕಡೆ ಪ್ರಾಸ್ಟೇಟ್ ಗ್ರಂಥಿ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಬಂದದ್ದು ನಮ್ಮ ಮನೆಯಿಂದಲೇ. ಕಳೆದ ವರ್ಷ ಕಾಸರಗೋಡಿನ ನಮ್ಮ ಮನೆಗೆ ದೊಡ್ಡಪ್ಪನ ಬಯಾಪ್ಸಿ ವರದಿ ಬಂತು. ವರದಿ ಇಂಗ್ಲಿಷಿನದು, ಆಸ್ಪತ್ರೆಯಲ್ಲಿ ಮಾತೆಲ್ಲ ಮಲಯಾಳದಲ್ಲಿ. ಕನ್ನಡ ಎಂ.ಎ. ಓದುತ್ತಿರುವ ನಾನು ಅದನ್ನು ಓದಿ ಹೇಳಬೇಕಾಯಿತು. ‘ಬೇಸಲ್ ಕೋಶಗಳು ಇಲ್ಲ’ ಎಂದು ಪದಕ್ಕೆ ಪದ ಇಟ್ಟು ಹೇಳಿದೆ. “ಇಲ್ಲ ಅಂತಲೇ ಬಂದಿದೆಯಲ್ಲ ಮಾರಾಯ, ಒಳ್ಳೇದೇ ಆಯ್ತು” ಅಂದರು ದೊಡ್ಡಪ್ಪ. ರಕ್ತದ ವರದಿ, ಕಫದ ವರದಿಗಳಲ್ಲಿ ‘ಇಲ್ಲ’ ಎಂದರೆ ಸಮಾಧಾನವೇ. ಇಲ್ಲಿ ಹಾಗಲ್ಲ. ಯಾಕೆ ಅಲ್ಲ ಎನ್ನುವುದಕ್ಕೆ ಒಂದು ಚರಿತ್ರೆ ಇದೆ.

ಪ್ರಾಸ್ಟೇಟಿನ ಸಣ್ಣ ನಾಳಗಳ ಒಳಪದರದಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ನಾಳದ ಟೊಳ್ಳಿಗೆ ಮುಖ ಮಾಡಿ ನಿಂತ ಎತ್ತರದ ಕೋಶಗಳು ದ್ರವ ಸ್ರವಿಸುತ್ತವೆ. ರಕ್ತದಲ್ಲಿ ಅಳೆಯುವ ಪಿ.ಎಸ್.ಎ. ಇವುಗಳದ್ದೇ. ಇವುಗಳ ಅಡಿಯಲ್ಲಿ, ತೆಳು ಪೊರೆಯ ಮೇಲೆ ಕೂತವು ತಳಕೋಶಗಳು. ಅವು ಏನನ್ನೂ ಸ್ರವಿಸುವುದಿಲ್ಲ. ಹೀಗಾಗಿ ಗಮನವೆಲ್ಲ ಬಹುಕಾಲ ಮೇಲಿನ ಕೋಶಗಳ ಕಡೆಗೇ ಹೋಯಿತು. 1941ರಲ್ಲಿ ಚಾರ್ಲ್ಸ್ ಹಗಿನ್ಸ್, ವೃಷಣದ ಹಾರ್ಮೋನನ್ನು ತಡೆದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದರು.

ತಳಕೋಶಗಳಿಗೆ ಬೆಲೆ ಬಂದದ್ದು ಇಲಿಗಳಿಂದ. ವೃಷಣ ತೆಗೆದರೆ ಇಲಿಯ ಗ್ರಂಥಿ ಒಣಗಿದ ಹಾಗೆ ಕುಗ್ಗುತ್ತದೆ. ಸಾಯುವವು ಬಹುಪಾಲು ಮೇಲಿನ ಕೋಶಗಳು, ತಳಕೋಶಗಳು ಉಳಿಯುತ್ತವೆ. ಹಾರ್ಮೋನು ವಾಪಸು ಕೊಟ್ಟರೆ ಗ್ರಂಥಿ ಮತ್ತೆ ಬೆಳೆಯುತ್ತದೆ. ಹಾಗಾದರೆ ಬೀಜ ಅಡಿಯಲ್ಲೇ ಇದೆ ಎಂದು ಐಸಾಕ್ಸ್ ಮತ್ತು ಕಾಫಿ 1989ರಲ್ಲಿ ವಾದಿಸಿದರು. ಚಂದದ ವಾದ. ಆದರೆ ಉಳಿದದ್ದೇ ಮೂಲ ಎನ್ನುವುದು ಸ್ವಲ್ಪ ಅವಸರದ ತೀರ್ಮಾನ ಅಂತ ನನಗನಿಸುತ್ತದೆ. ಸಾಹಿತ್ಯ ಚರಿತ್ರೆಯಲ್ಲಿ ನಾವೂ ಈ ತಪ್ಪು ಮಾಡುತ್ತೇವೆ, ಉಳಿದ ಹಸ್ತಪ್ರತಿಯನ್ನೇ ಮೂಲ ಅಂದುಬಿಡುತ್ತೇವೆ.

ಈ ವಾದಕ್ಕೆ ಪರೀಕ್ಷೆ ಒದಗಿದ್ದು ಪಿ63 ಎಂಬ ವಂಶವಾಹಿಯಿಂದ. ಅದು ಇಲ್ಲದ ಇಲಿಮರಿಗಳಿಗೆ ಪ್ರಾಸ್ಟೇಟೇ ಬೆಳೆಯುವುದಿಲ್ಲ ಎಂದು 2000ದಲ್ಲಿ ಗೊತ್ತಾಯಿತು. ಆದರೆ ಅಂಥ ಮರಿಗಳು ಹುಟ್ಟಿದೊಡನೆ ಸಾಯುತ್ತವೆ. 2004ರಲ್ಲಿ ಕುರಿಟಾ ಮತ್ತು ಜೊತೆಗಾರರು ಭ್ರೂಣದಲ್ಲಿ ಪ್ರಾಸ್ಟೇಟ್ ಮೊಳೆಯುವ ಭಾಗವನ್ನೇ ತೆಗೆದು ಬೆಳೆದ ಇಲಿಯೊಳಗೆ ಕಸಿ ಮಾಡಿದರು. ಗ್ರಂಥಿ ಬೆಳೆಯಿತು! ಮೇಲಿನ ಕೋಶಗಳು ಬಂದವು, ತಳಕೋಶ ಒಂದೂ ಇಲ್ಲ. ಅಂದರೆ ಮೇಲಿನವು ಹುಟ್ಟಲು ತಳಕೋಶ ಬೇಕೇಬೇಕೆಂದಿಲ್ಲ. ಆದರೆ ನಾಳ ಗಟ್ಟಿಯಾಗಿ ನಿಲ್ಲಲಿಲ್ಲ, ಮೇಲಿನ ಕೋಶಗಳಲ್ಲಿ ಕೆಲವು ದಾರಿ ತಪ್ಪಿ ಲೋಳೆಯ ಕೋಶಗಳಾದವು. ಹೆರುವುದಕ್ಕಿಂತ ಹಿಡಿದು ನಿಲ್ಲಿಸುವುದು ತಳಕೋಶದ ದೊಡ್ಡ ಕೆಲಸ ಅಂತ ಇದರಿಂದ ಕಾಣುತ್ತದೆ.

ರೋಗಪತ್ತೆಯ ದಾರಿ ಬೇರೆ. ತಳಕೋಶದ ಕೆರಾಟಿನ್‌ಗೆ ಮಾತ್ರ ಅಂಟುವ ಪ್ರತಿಕಾಯದಿಂದ, ಒಳ್ಳೆಯ ಗ್ರಂಥಿಯ ಸುತ್ತ ಬಣ್ಣದ ಗೆರೆ ಮೂಡುತ್ತದೆ, ಕ್ಯಾನ್ಸರಿನಲ್ಲಿ ಮೂಡುವುದಿಲ್ಲ ಎಂದು 1985ರಲ್ಲಿ ಬ್ರಾವರ್ ತಂಡ ತೋರಿಸಿತು. ನಂತರ ಪಿ63 ಬಣ್ಣವೂ ಸೇರಿತು. ಬರೀ ಗೆರೆ ಕಾಣದಿದ್ದರೆ ಸಾಲದು. ನಿರುಪದ್ರವಿ ಗ್ರಂಥಿಗಳಲ್ಲೂ ಅಲ್ಲಲ್ಲಿ ಗೆರೆ ಹರಿದಿರಬಹುದು. ಆಕಾರವನ್ನೂ ನೋಡಿಯೇ ಹೇಳಬೇಕು. ವಿಚಿತ್ರವೆಂದರೆ, 2010ರಲ್ಲಿ ವಿಟ್ಟೆಯವರ ಪ್ರಯೋಗಾಲಯ ಮನುಷ್ಯರ ತಳಕೋಶಗಳನ್ನೇ ಬದಲಿಸಿ ಇಲಿಯಲ್ಲಿ ಕ್ಯಾನ್ಸರ್ ಬೆಳೆಸಿತು. ಹಾಗೆ ಹುಟ್ಟಿದ ಗಡ್ಡೆಯಲ್ಲೂ ತಳಕೋಶದ ಸಾಲು ಇರಲಿಲ್ಲ.

ಇಷ್ಟು ಓದಿಕೊಂಡು ಆ ಸಾಲನ್ನು ಮತ್ತೆ ಬರೆದೆ: ‘ಇರಬೇಕಾದ ತಳಕೋಶಗಳ ಸಾಲು ಈ ತುಂಡಿನಲ್ಲಿ ಉಳಿದಿಲ್ಲ, ಗ್ರಂಥಿಗಳ ಆಕಾರವೂ ಕೆಟ್ಟಿದೆ, ಇದು ಕ್ಯಾನ್ಸರ್.’ ದೊಡ್ಡಪ್ಪ ಎರಡು ಸಲ ಓದಿಸಿಕೊಂಡರು. ಆಮೇಲೆ, ಕೆಳಗಿನ ಆ ಅಂಕೆ ಎಂತದ್ದು ಎಂದು ಕೇಳಿದರು. ಅದು ಗ್ಲೀಸನ್ ಅಂಕ. ಅದನ್ನು ಬಿಡಿಸಿ ಹೇಳಲು ಇನ್ನೂ ಒಂದು ಗಂಟೆ ಹಿಡಿಯಿತು.